ಹೊದಿಕೆ ಮುಚ್ಚಿದ ಮೇಲೆ ನಿಂತುಹೋದ ಎಂಜಿನ್

ಪ್ಲಾಸ್ಟಿಕ್ ಹೊದಿಕೆಯನ್ನು ಬದಿಗಿಟ್ಟು ಪರೀಕ್ಷಿಸುತ್ತಿದ್ದಾಗ ಮೂರು ಗಂಟೆಗಳ ಕಾಲ ಒಂದೇ ಸಮನೆ ಓಡಿದ ನನ್ನ ಮಾದರಿ ಡೀಸೆಲ್ ರೈಲು ಎಂಜಿನ್, ಹೊದಿಕೆ ಮುಚ್ಚಿ ಸ್ಕ್ರೂ ಬಿಗಿದು ಹಳಿಯ ಮೇಲಿಟ್ಟ ಕೆಲವೇ ಕ್ಷಣಗಳಲ್ಲಿ ನಿಂತುಹೋಯಿತು. ಮುಂದಿನ ದೀಪ ಒಮ್ಮೆ ಮಿನುಗಿ ಆರಿತು, ಹೊದಿಕೆಯ ಸಂದಿನಿಂದ ಸುಟ್ಟ ವಾಸನೆ ಬಂತು, ಬಿಚ್ಚಿ ನೋಡಿದರೆ, ಮೋಟಾರನ್ನೂ ದೀಪಗಳನ್ನೂ ನಿಯಂತ್ರಿಸುವ ಪುಟ್ಟ ಸರ್ಕಿಟ್ ಹಲಗೆಯಾದ ಡಿಕೋಡರಿನ ಒಂದು ಮೂಲೆ ಕಪ್ಪಾಗಿತ್ತು. ವೈರಿಂಗಿನಲ್ಲಿ ನಾನು ಏನನ್ನೂ ಬದಲಿಸಿರಲಿಲ್ಲ. ಹೊದಿಕೆ ಮುಚ್ಚಿದ್ದೊಂದೇ ವ್ಯತ್ಯಾಸ. ಆ ಸಂಜೆಯ ನಂತರ ನಾನು ಕೆಲಸ ಮಾಡುವ ಕ್ರಮವೇ ಬದಲಾಯಿತು. ಯಾವ ತಂತಿಯನ್ನು ಎಲ್ಲಿಗೆ ಜೋಡಿಸಬೇಕು ಎಂಬುದನ್ನು ಒಂದು ದಿನದಲ್ಲಿ ಕಲಿಯಬಹುದು. ಯಾವುದು ಎಲ್ಲಿಗೂ ತಾಗದಂತೆ ಉಳಿಯಬೇಕು ಎಂಬುದನ್ನು ಪ್ರತಿ ಎಂಜಿನ್ನಿನಲ್ಲೂ ಹೊಸದಾಗಿ ಹುಡುಕಿಕೊಳ್ಳಬೇಕಾಗುತ್ತದೆ.

ಆ ಎಂಜಿನ್ ಎಚ್‌ಓ ಅಳತೆಯದು, ಅಂದರೆ ನಿಜವಾದ ಎಂಜಿನ್ನಿನ 87ನೆಯ ಒಂದು ಭಾಗದಷ್ಟು. ಅದು ಓಡುವ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಅದು ತಯಾರಾದ ಕಾಲದಲ್ಲಿ ಹಳಿಗೆ ಕೊಡುವ ನೇರ ವಿದ್ಯುತ್ತನ್ನು ಸೊನ್ನೆಯಿಂದ 12 ವೋಲ್ಟಿನವರೆಗೆ ಏರಿಸಿ ಇಳಿಸಿ ವೇಗವನ್ನು ನಿಯಂತ್ರಿಸುವುದೇ ಪದ್ಧತಿಯಾಗಿತ್ತು. ಒಂದು ಹಳಿ ಧನ, ಇನ್ನೊಂದು ಋಣ. ಅವೆರಡನ್ನೂ ಅದಲುಬದಲು ಮಾಡಿದರೆ ಎಂಜಿನ್ ಹಿಮ್ಮುಖವಾಗಿ ಓಡುತ್ತದೆ. ಚಕ್ರಗಳು ಹಳಿಯಿಂದ ಎತ್ತಿಕೊಂಡ ವಿದ್ಯುತ್ತು ನೇರವಾಗಿ, ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಬ್ರಷ್‌ಗಳಿಗೆ ಹೋಗುತ್ತಿತ್ತು. ಒಂದು ಬ್ರಷ್ಷಿಗೆ ತಂತಿ ಇತ್ತು, ಇನ್ನೊಂದಕ್ಕೆ ಷಾಸಿಯ, ಅಂದರೆ ಎಂಜಿನ್ನಿನ ಅಡಿಯ ಚೌಕಟ್ಟಿನ, ಲೋಹವೇ ತಂತಿಯ ಕೆಲಸ ಮಾಡುತ್ತಿತ್ತು. ಆ ಕಾಲದ ಮಟ್ಟಿಗೆ ಅದು ಅಗ್ಗದ, ಗಟ್ಟಿಯಾದ, ಜಾಣ ಏರ್ಪಾಡು. ದೀಪವೆಂದರೆ ಮೋಟಾರಿಗೆ ಸಮಾಂತರವಾಗಿ ಜೋಡಿಸಿದ ಒಂದು ಪುಟ್ಟ ಬಲ್ಬು. ಎಂಜಿನ್ ನಿಧಾನವಾದರೆ ಮಂಕಾಗುತ್ತಿತ್ತು, ನಿಂತರೆ ಆರಿಹೋಗುತ್ತಿತ್ತು. ನಿಲ್ದಾಣಕ್ಕೆ ಬಂದು ನಿಂತ ರೈಲಿನ ಮುಂದೀಪ ಆರಿಹೋಗುವುದನ್ನು ನನ್ನಿಂದ ಸಹಿಸಿಕೊಳ್ಳಲು ಆಗುತ್ತಿರಲಿಲ್ಲ. ನಾನು ಈ ಕೆಲಸಕ್ಕೆ ಕೈಹಾಕಿದ್ದೇ ಆ ಒಂದು ಕೊರತೆಯಿಂದ.

ಈ ಹಳೆಯ ಪದ್ಧತಿಯಲ್ಲೇ ಉಳಿಯಬಯಸುವವರಿಗೂ ಒಂದು ಸೊಗಸಾದ ದಾರಿಯಿದೆ. ಒಂದೇ ದಿಕ್ಕಿಗೆ ವಿದ್ಯುತ್ತನ್ನು ಬಿಡುವ ಸಾಮಾನ್ಯ ಸಿಲಿಕಾನ್ ಡಯೋಡು ತನ್ನ ಮೂಲಕ ವಿದ್ಯುತ್ತು ಹರಿಯುವಾಗ ಸುಮಾರು 0.7 ವೋಲ್ಟನ್ನು ತನ್ನಲ್ಲಿ ಉಳಿಸಿಕೊಳ್ಳುತ್ತದೆ. ಒಂದರ ಹಿಂದೊಂದರಂತೆ ಎರಡು ಡಯೋಡುಗಳನ್ನು ಒಂದು ದಿಕ್ಕಿಗೂ, ಇನ್ನೆರಡನ್ನು ವಿರುದ್ಧ ದಿಕ್ಕಿಗೂ ಇಟ್ಟು ಮೋಟಾರಿನ ದಾರಿಯಲ್ಲಿ ಕೂರಿಸಿದರೆ, ಅವುಗಳ ಎರಡು ತುದಿಗಳ ನಡುವೆ ಸುಮಾರು 1.4 ವೋಲ್ಟು ಸ್ಥಿರವಾಗಿ ಸಿಗುತ್ತದೆ. ಅಲ್ಲಿ 1.5 ವೋಲ್ಟಿನ ಬಲ್ಬನ್ನು ಜೋಡಿಸಿದರೆ ಎಂಜಿನ್ ಕದಲುವ ಮೊದಲೇ ದೀಪ ಹೊತ್ತಿಕೊಂಡು, ವೇಗ ಎಷ್ಟೇ ಏರಿದರೂ ಹೆಚ್ಚುಕಡಿಮೆ ಅದೇ ಪ್ರಕಾಶದಲ್ಲಿ ಉಳಿಯುತ್ತದೆ. ನಾನೂ ಕೆಲವು ವರ್ಷ ಇದನ್ನೇ ನೆಚ್ಚಿಕೊಂಡಿದ್ದೆ. ಆದರೆ ಹಳಿಯ ವಿದ್ಯುತ್ತನ್ನು ಪೂರ್ತಿ ಸೊನ್ನೆಗೆ ಇಳಿಸಿದರೆ ಈ ದೀಪವೂ ಆರುತ್ತದೆ, ಒಂದೇ ಹಳಿಯ ಮೇಲೆ ಎರಡು ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸಲೂ ಆಗುವುದಿಲ್ಲ.

ಈ ಎರಡೂ ಕೊರತೆಗಳನ್ನು ನೀಗಿಸುವುದು ಡಿಸಿಸಿ ಎಂದು ಹವ್ಯಾಸಿಗಳು ಕರೆಯುವ ಡಿಜಿಟಲ್ ನಿಯಂತ್ರಣ. ಜರ್ಮನಿಯ ಲೆಂಟ್ಸ್ ಸಂಸ್ಥೆ ರೂಪಿಸಿದ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಎನ್‌ಎಮ್‌ಆರ್‌ಎ ಎಂಬ ಮಾದರಿ ರೈಲು ಹವ್ಯಾಸಿಗಳ ಸಂಘ 1990ರ ದಶಕದಲ್ಲಿ ಇದನ್ನು ಮಾನದಂಡವಾಗಿ ಒಪ್ಪಿಕೊಂಡಿತು. ಇದರಲ್ಲಿ ಹಳಿಯ ಮೇಲೆ ಸದಾಕಾಲ ಪೂರ್ಣ ವಿದ್ಯುತ್ತು ಇರುತ್ತದೆ. ಎಚ್‌ಓ ಅಳತೆಯಲ್ಲಿ ಅದು ಸಾಮಾನ್ಯವಾಗಿ 14 ವೋಲ್ಟಿನ ಆಸುಪಾಸು. ಆ ವಿದ್ಯುತ್ತಿನ ಧ್ರುವಗಳೇ ಕ್ಷಣಕ್ಷಣಕ್ಕೂ ತಿರುಗುತ್ತಾ ಸಂದೇಶವನ್ನು ಹೊರುತ್ತವೆ: ಪ್ರತಿ ಅರ್ಧ ತರಂಗ 58 ಮೈಕ್ರೋಸೆಕೆಂಡ್ ಇದ್ದರೆ ಅದು ‘ಒಂದು’, 100 ಮೈಕ್ರೋಸೆಕೆಂಡ್ ಅಥವಾ ಹೆಚ್ಚಿದ್ದರೆ ಅದು ‘ಸೊನ್ನೆ’. ಎಂಜಿನ್ನಿನೊಳಗಿನ ಡಿಕೋಡರ್ ಈ ಸಂದೇಶಗಳನ್ನು ಓದಿ, ತನ್ನ ವಿಳಾಸಕ್ಕೆ ಬಂದದ್ದನ್ನಷ್ಟೇ ಪಾಲಿಸಿ, ಮೋಟಾರಿಗೂ ದೀಪಗಳಿಗೂ ಬೇಕಾದಷ್ಟು ವಿದ್ಯುತ್ತನ್ನು ಹಂಚುತ್ತದೆ. ಹೀಗಾಗಿ ಎಂಜಿನ್ ನಿಂತಿದ್ದರೂ ದೀಪ ಉರಿಯುತ್ತದೆ.

ಇಲ್ಲಿಯೇ ಹಳೆಯ ಎಂಜಿನ್ನಿನ ಆ ಜಾಣ ಏರ್ಪಾಡು ಶತ್ರುವಾಗಿಬಿಡುತ್ತದೆ. ಡಿಕೋಡರಿನ ಪಾಲಿಗೆ ಹಳಿಯಿಂದ ಬರುವ ವಿದ್ಯುತ್ತು ಒಂದು ಬದಿ, ಮೋಟಾರಿಗೆ ಹೋಗುವ ವಿದ್ಯುತ್ತು ಇನ್ನೊಂದು ಬದಿ. ಈ ಎರಡರ ನಡುವೆ ಡಿಕೋಡರಿನ ಮೂಲಕವಲ್ಲದೆ ಬೇರೆ ಯಾವ ದಾರಿಯೂ ಇರಕೂಡದು. ಷಾಸಿಯು ಒಂದು ಹಳಿಗೆ ಜೋಡಿಕೊಂಡಿದ್ದು, ಬ್ರಷ್ಷಿನ ತಗಡು ಆ ಷಾಸಿಗೆ ಕೂದಲೆಳೆಯಷ್ಟು ತಾಗಿದರೂ ಸಾಕು, ಹಳಿಯ ಪೂರ್ಣ ವಿದ್ಯುತ್ತು ಡಿಕೋಡರಿನ ಹೊರಹರಿವಿನ ಬಾಯಿಗೇ ಹಿಮ್ಮುಖವಾಗಿ ನುಗ್ಗುತ್ತದೆ. ಕೆಲವು ಡಿಕೋಡರುಗಳು ತಮ್ಮನ್ನು ತಾವೇ ಆರಿಸಿಕೊಂಡು ಬದುಕುತ್ತವೆ, ಕೆಲವು ಸುಟ್ಟುಹೋಗುತ್ತವೆ. ಆದ್ದರಿಂದ ಮೋಟಾರನ್ನು ಪೂರ್ತಿಯಾಗಿ ಹೊರತೆಗೆದು, ಕೆಳಗಿನ ಬ್ರಷ್ಷಿನ ತಗಡನ್ನು ಬಾಗಿಸಿ ಅಥವಾ ಕತ್ತರಿಸಿ, ಅದರ ಅಡಿಯಲ್ಲಿ ಶಾಖಕ್ಕೆ ಕರಗದ ಕ್ಯಾಪ್ಟನ್ ಟೇಪನ್ನು ಹಚ್ಚಿ, ಸಾಧ್ಯವಾದಲ್ಲಿ ಲೋಹದ ಸ್ಕ್ರೂಗಳ ಜಾಗದಲ್ಲಿ ನೈಲಾನ್ ಸ್ಕ್ರೂಗಳನ್ನು ಹಾಕಿ ಮತ್ತೆ ಕೂರಿಸಬೇಕು. ನಾನು ಇಷ್ಟನ್ನೂ ಮಾಡಿದ್ದೆ. ಮಲ್ಟಿಮೀಟರಿನಲ್ಲಿ ಬ್ರಷ್ಷಿಗೂ ಷಾಸಿಗೂ ನಡುವೆ ಸಂಪರ್ಕವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಡಿಕೋಡರ್ ಜೋಡಿಸಿದ್ದೆ.

ಹಾಗಾದರೆ ತಪ್ಪಿದ್ದೆಲ್ಲಿ? ಎರಡು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಮೋಟಾರಿನ ಮೇಲೆ, ಎಂಜಿನ್ನಿಗೆ ಭಾರ ಕೊಡಲೆಂದು ಇಟ್ಟ ಲೋಹದ ಗಟ್ಟಿಯೊಂದು ಹೊದಿಕೆಯ ಸ್ಕ್ರೂವಿನೊಂದಿಗೇ ಬಿಗಿದುಕೊಳ್ಳುವಂತೆ ವಿನ್ಯಾಸಗೊಂಡಿತ್ತು. ಹೊದಿಕೆಯಿಲ್ಲದಿದ್ದಾಗ ಅದು ಸಡಿಲವಾಗಿ ಕುಳಿತಿರುತ್ತಿತ್ತು. ಸ್ಕ್ರೂ ಬಿಗಿದಾಗ ಸುಮಾರು ಅರ್ಧ ಮಿ.ಮೀ.ನಷ್ಟು ಕೆಳಗಿಳಿದು, ಮೇಲಿನ ಬ್ರಷ್ಷಿಗೆ ನಾನು ಹಾಕಿದ್ದ ಬೆಸುಗೆಯ ಚೂಪಾದ ತುದಿಯನ್ನು ಮುಟ್ಟುತ್ತಿತ್ತು. ಕಣ್ಣಿಗೆ ಕಾಣದ ಆ ಸ್ಪರ್ಶವನ್ನು ನನಗೆ ತೋರಿಸಿಕೊಟ್ಟದ್ದು ಗಟ್ಟಿಯ ತಳದಲ್ಲಿ ಬಣ್ಣ ಕಿತ್ತುಹೋಗಿದ್ದ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಹೊಳಪಿನ ಚುಕ್ಕೆ. ಎಂಜಿನ್ ಓಡುವ ಸ್ಥಿತಿಯಲ್ಲಿ ನಾನು ಅಳೆದೇ ಇರಲಿಲ್ಲ. ಬಿಚ್ಚಿಟ್ಟ ಸ್ಥಿತಿಯಲ್ಲಷ್ಟೇ ಅಳೆದಿದ್ದೆ.

ಅಂದಿನಿಂದ ನಾನು ಹಳೆಯ ಎಂಜಿನ್ನಿಗೂ ಮೊದಲು ಎಂಟು ಕಾಲಿನ ಸಾಕೆಟ್ಟನ್ನು ಕೂರಿಸುತ್ತೇನೆ. ಡಿಕೋಡರನ್ನು ನೇರವಾಗಿ ತಂತಿಗಳಿಗೆ ಬೆಸೆಯುವುದಿಲ್ಲ. ಯುರೋಪಿನ ಮಾನದಂಡದಲ್ಲಿ ಎನ್‌ಇಎಮ್ 652 ಎಂದು ಹೆಸರಾದ ಈ ಸಾಕೆಟ್ಟಿನಲ್ಲಿ 1 ಮತ್ತು 5ನೆಯ ರಂಧ್ರಗಳು ಮೋಟಾರಿಗೆ, 4 ಮತ್ತು 8ನೆಯವು ಹಳಿಗೆ ಸೇರಿದವು. ಎಲ್ಲ ಜೋಡಣೆ ಮುಗಿಸಿ, ಡಿಕೋಡರನ್ನೂ ಡಿಕೋಡರಿಲ್ಲದೆ ಹಳೆಯ ನೇರ ವಿದ್ಯುತ್ ಪದ್ಧತಿಯಲ್ಲಿ ಓಡಿಸಲು ಇರುವ ಖಾಲಿ ಪ್ಲಗ್ಗನ್ನೂ ಹೊರಗಿಟ್ಟು, ಸಾಕೆಟ್ಟಿನಿಂದ ಉದ್ದನೆಯ ನಾಲ್ಕು ತಾತ್ಕಾಲಿಕ ತಂತಿಗಳನ್ನು ಹೊದಿಕೆಯ ಹೊರಗೆ ಬರುವಂತೆ ಎಳೆದುಕೊಂಡು, ಹೊದಿಕೆಯನ್ನು ಪೂರ್ತಿ ಬಿಗಿದ ನಂತರ ಅಳೆಯುತ್ತೇನೆ. 1 ಮತ್ತು 5ರ ನಡುವೆ ಮೋಟಾರಿನ ಸುರುಳಿಯ ಕೆಲವು ಓಮ್‌ಗಳಿಂದ ಕೆಲವು ಹತ್ತು ಓಮ್‌ಗಳವರೆಗಿನ ರೋಧ ಕಾಣಬೇಕು. ಇವೆರಡರಲ್ಲಿ ಯಾವುದರಿಂದಲೂ 4 ಅಥವಾ 8ಕ್ಕೆ ಯಾವ ಸಂಪರ್ಕವೂ ಕಾಣಕೂಡದು. ಮೀಟರಿನ ಮೇಲೆ ಕಣ್ಣಿಟ್ಟು, ಬೋಗಿಗಳನ್ನು, ಅಂದರೆ ಎಂಜಿನ್ನಿನ ಅಡಿಯಲ್ಲಿ ತಿರುಗುವ ಚಕ್ರಗಳ ಚೌಕಟ್ಟುಗಳನ್ನು, ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಎಂಜಿನ್ನನ್ನು ತಲೆಕೆಳಗು ಮಾಡಿ, ಹೊದಿಕೆಯನ್ನು ಬೆರಳಿನಿಂದ ಅದುಮಿ ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ಇದನ್ನು ರೂಢಿ ಮಾಡಿಕೊಂಡ ಮೇಲೆ ಒಂದು ಡಿಕೋಡರನ್ನೂ ನಾನು ಕಳೆದುಕೊಂಡಿಲ್ಲ.

ಈ ಸಾಕೆಟ್ಟಿನ ಬಗ್ಗೆ ನನಗೆ ಅಪಾರ ಗೌರವವಿದೆ. ಅದರ ರಂಧ್ರಗಳ ಕ್ರಮವನ್ನು ಎಷ್ಟು ವಿಚಾರ ಮಾಡಿ ನಿಗದಿಪಡಿಸಿದ್ದಾರೆಂದರೆ, ಪ್ಲಗ್ಗನ್ನು ತಪ್ಪಿ ತಿರುವುಮುರುವಾಗಿ ಚುಚ್ಚಿದರೆ ಮೋಟಾರಿನ ಎರಡು ತಂತಿಗಳು ತಮ್ಮತಮ್ಮಲ್ಲಿ, ಹಳಿಯ ಎರಡು ತಂತಿಗಳು ತಮ್ಮತಮ್ಮಲ್ಲಿ ಜಾಗ ಬದಲಿಸಿಕೊಳ್ಳುತ್ತವೆ. ಎಂಜಿನ್ ಓಡುತ್ತದೆ, ದೀಪ ಮಾತ್ರ ಹೊತ್ತುವುದಿಲ್ಲ. ಹೊಸದಾಗಿ ಡಿಕೋಡರ್ ಹಾಕಿದವರ ದೀಪ ಉರಿಯದಿದ್ದರೆ ಮೊದಲು ಪ್ಲಗ್ಗನ್ನು ತಿರುಗಿಸಿ ನೋಡುವುದು ಒಳ್ಳೆಯದು.

ತಂತಿಗಳ ಬಣ್ಣಗಳೂ ಮಾನದಂಡಕ್ಕೆ ಒಳಪಟ್ಟಿರುವುದರಿಂದ ಯಾರ ಡಿಕೋಡರ್ ಆದರೂ ಗೊಂದಲವಿಲ್ಲ. ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ಬಿಳಿ ಮುಂದೀಪಕ್ಕೆ, ಹಳದಿ ಹಿಂದೀಪಕ್ಕೆ. ನೀಲಿ ಎಲ್ಲ ದೀಪಗಳಿಗೂ ಸಾಮಾನ್ಯವಾದ ಧನ ತಂತಿ. ಹಸಿರು ಮತ್ತು ನೇರಳೆ ಹೆಚ್ಚುವರಿ ಕೆಲಸಗಳಿಗೆ. ನಾನು ಸೇರಿಸುವ ತಂತಿಗಳಿಗೂ ಇದೇ ಬಣ್ಣಗಳನ್ನು ಬಳಸುತ್ತೇನೆ, ಏಕೆಂದರೆ ಐದು ವರ್ಷಗಳ ನಂತರ ಆ ಎಂಜಿನ್ನನ್ನು ಬಿಚ್ಚುವವನಿಗೆ, ಅದು ನಾನೇ ಆಗಿದ್ದರೂ, ನೆನಪು ಸಹಾಯಕ್ಕೆ ಬರುವುದಿಲ್ಲ. ಬೋಗಿಯಿಂದ ಮೇಲೆ ಬರುವ ತಂತಿಗೆ ಸಿಲಿಕಾನ್ ಹೊದಿಕೆಯ, ಬಹಳ ಮೆತ್ತನೆಯ ತಂತಿಯೇ ಬೇಕು. ಗಡುಸಾದ ತಂತಿ ತಿರುವುಗಳಲ್ಲಿ ಬೋಗಿಯನ್ನು ಒಂದು ಬದಿಗೆ ಎಳೆದು ಚಕ್ರವನ್ನು ಹಳಿಯಿಂದ ಎತ್ತಿಬಿಡುತ್ತದೆ. ಹಳಿ ತಪ್ಪುವ ಎಂಜಿನ್ನಿನ ಚಕ್ರಗಳನ್ನು ದಿನಗಟ್ಟಲೆ ತಿದ್ದಿದ ನಂತರ, ತಪ್ಪು ಇದ್ದದ್ದು ಎರಡು ಸೆಂಟಿಮೀಟರ್ ಕಡಿಮೆಯಾದ ಒಂದು ತಂತಿಯಲ್ಲಿ ಎಂದು ಕಂಡುಕೊಂಡ ಅನುಭವವೂ ನನಗಿದೆ. ಬೆಸುಗೆಗೆ ನಾನು ಬಳಸುವುದು 63 ಪಾಲು ತವರ ಮತ್ತು 37 ಪಾಲು ಸೀಸದ ತೆಳು ತಂತಿ. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುವುದರಿಂದ, ಬೆಸುಗೆ ಆರುವಾಗ ಕೈ ಅಲುಗಿ ಕೆಡುವ ಸಂಭವ ಕಡಿಮೆ. ಸೀಸವಿರುವ ಕಾರಣ ಕೆಲಸದ ನಂತರ ಕೈ ತೊಳೆಯುವುದನ್ನು ಮರೆಯಬಾರದು. ಬೆಸುಗೆ ಚೆನ್ನಾಗಿ ಹತ್ತಲೆಂದು ಹಚ್ಚುವ ಫ್ಲಕ್ಸುಗಳಲ್ಲಿ ಆಮ್ಲವಿರುವುದನ್ನು ಇಲ್ಲಿ ಮುಟ್ಟಲೇಬಾರದು. ಅದು ತಿಂಗಳುಗಳ ನಂತರ ತಂತಿಯನ್ನು ಒಳಗೊಳಗೇ ತಿಂದುಹಾಕುತ್ತದೆ.

ಇನ್ನು ದೀಪಗಳು. ಹಳೆಯ 12 ವೋಲ್ಟಿನ ಬಲ್ಬು 50 ಮಿಲಿ ಆಂಪಿಯರ್ ಎಳೆದರೆ ಅದು 0.6 ವ್ಯಾಟಿನ ಪುಟ್ಟ ಒಲೆಯೇ ಸರಿ. ಪ್ಲಾಸ್ಟಿಕ್ ಹೊದಿಕೆಗೆ ತಾಗಿಕೊಂಡಿದ್ದರೆ ಕ್ರಮೇಣ ಅದನ್ನು ಮೆತ್ತಗಾಗಿಸಿ ವಿಕಾರಗೊಳಿಸುತ್ತದೆ. ಎಲ್‌ಇಡಿಗೆ ಆ ದೋಷವಿಲ್ಲ, ಆದರೆ ಅದಕ್ಕೆ ವಿದ್ಯುತ್ತನ್ನು ತಾನೇ ಮಿತಿಗೊಳಿಸಿಕೊಳ್ಳಲು ಬಾರದು. ಬಿಳಿ ಎಲ್‌ಇಡಿ ಸುಮಾರು 3 ವೋಲ್ಟನ್ನು ಮಾತ್ರ ಬಳಸಿಕೊಳ್ಳುತ್ತದೆ. ಉಳಿದ 11 ವೋಲ್ಟನ್ನು ರೆಸಿಸ್ಟರ್ ಹೊರಬೇಕು. ಅನೇಕರು 1,000 ಓಮ್ ಹಾಕುತ್ತಾರೆ, ಆಗ 11 ಮಿಲಿ ಆಂಪಿಯರ್ ಹರಿಯುತ್ತದೆ. ಎಲ್‌ಇಡಿಗೆ ಅದು ಸುರಕ್ಷಿತವೇ. ಆದರೆ ಕಣ್ಣಿಗೆ ಅದು ಅತಿಯಾಯಿತು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಅಂಥ ಎಂಜಿನ್ನಿನ ಮುಂದೀಪ ಎದುರಿನ ಗೋಡೆಯನ್ನೆಲ್ಲ ಬೆಳಗುತ್ತದೆ, ಎಂಜಿನ್ನಿನ ಮುಖದ ಮೇಲೆ ಎಷ್ಟೋ ದಿನ ಕುಳಿತು ಬಳಿದ ಮಸಿ ಮತ್ತು ತುಕ್ಕಿನ ಬಣ್ಣವೆಲ್ಲ ಆ ಬೆಳಕಿನ ಹಿಂದೆ ಕಾಣದಾಗುತ್ತದೆ.

ಸರಿಯಾದ ಪ್ರಕಾಶವನ್ನು ಲೆಕ್ಕದಿಂದ ಕಂಡುಕೊಳ್ಳುವುದು ಕಷ್ಟ, ಏಕೆಂದರೆ ವಿದ್ಯುತ್ತನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೂ ಕಣ್ಣಿಗೆ ಬೆಳಕು ಅಷ್ಟು ಕುಗ್ಗಿದಂತೆ ಕಾಣುವುದಿಲ್ಲ. ನಾನು ಅನುಸರಿಸುವುದು ಬೇರೆ ದಾರಿ. 1,000 ಓಮ್‌ನ ಒಂದು ರೆಸಿಸ್ಟರನ್ನು ರಕ್ಷಣೆಗೆಂದು ಕಾಯಂ ಇಟ್ಟು, ಅದರ ಜೊತೆ ಸಾಲಿನಲ್ಲಿ 50,000 ಓಮ್‌ನ, ತಿರುಗಿಸಬಹುದಾದ ರೆಸಿಸ್ಟರನ್ನು ತಾತ್ಕಾಲಿಕವಾಗಿ ಜೋಡಿಸುತ್ತೇನೆ. ಎಂಜಿನ್ನನ್ನು ಹಳಿಯ ಮೇಲೆ, ಅದು ಓಡಲಿರುವ ಕೋಣೆಯ ಬೆಳಕಿನಲ್ಲೇ ಇಟ್ಟು, ಸಾಮಾನ್ಯವಾಗಿ ನಾನು ನಿಂತು ನೋಡುವ ದೂರದಿಂದ ನೋಡುತ್ತಾ ಗುಂಡಿಯನ್ನು ತಿರುಗಿಸುತ್ತೇನೆ. ಸರಿ ಎನ್ನಿಸಿದ ಬಿಂದುವಿನಲ್ಲಿ ಒಟ್ಟು ರೋಧವನ್ನು ಅಳೆದು, ಅದಕ್ಕೆ ಹತ್ತಿರದ ಬೆಲೆಯ ಸ್ಥಿರ ರೆಸಿಸ್ಟರನ್ನು ಬೆಸೆಯುತ್ತೇನೆ. ಈ ಎಂಜಿನ್ನಿಗೆ ಅದು 12,000 ಓಮ್ ಆಯಿತು, ಅಂದರೆ ಒಂದು ಮಿಲಿ ಆಂಪಿಯರಿಗಿಂತಲೂ ಕಡಿಮೆ. ಒಂದೇ ಮುಖದಲ್ಲಿ ಜೋಡಿ ದೀಪಗಳಿದ್ದರೆ ಎರಡೂ ಎಲ್‌ಇಡಿಗಳನ್ನು ಒಂದರ ಹಿಂದೊಂದರಂತೆ ಸಾಲಿನಲ್ಲಿ ಜೋಡಿಸುವುದು ನನಗೆ ಮೆಚ್ಚುಗೆ. ಎರಡರಲ್ಲೂ ಒಂದೇ ವಿದ್ಯುತ್ತು ಹರಿಯುವುದರಿಂದ ಪ್ರಕಾಶವೂ ಸಮನಾಗಿರುತ್ತದೆ. ಒಂದು ಕೆಟ್ಟರೆ ಎರಡೂ ಆರುತ್ತವೆ ಎಂಬ ಆಕ್ಷೇಪ ಸರಿಯೇ, ಆದರೆ ಒಂದು ಮಿಲಿ ಆಂಪಿಯರಿನಲ್ಲಿ ಉರಿಯುವ ಎಲ್‌ಇಡಿ ಕೆಡುವುದು ಬಹಳ ಅಪರೂಪ.

ಬೆಳಕಿನ ಬಣ್ಣವೂ ಎಂಜಿನ್ನಿನ ಕಾಲಕ್ಕೆ ಹೊಂದಬೇಕು. ತಂತುಬಲ್ಬು ಬಳಸುತ್ತಿದ್ದ ಎಂಜಿನ್ನಿನ ಮಾದರಿಗೆ 2,700 ರಿಂದ 3,000 ಕೆಲ್ವಿನ್‌ನ ಹಳದಿ ಮಿಶ್ರಿತ ಬಿಳುಪೇ ಒಪ್ಪುತ್ತದೆ. 6,000 ಕೆಲ್ವಿನ್‌ನ ನೀಲಿ ಛಾಯೆಯ ಬಿಳುಪು ಇಂದಿನ ಎಲ್‌ಇಡಿ ದೀಪಗಳಿರುವ ಎಂಜಿನ್‌ಗಳಿಗೆ ಮಾತ್ರ. ನಾನು ಬಳಸುವ ಎಲ್‌ಇಡಿ 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲದ್ದು, ಅದಕ್ಕೆ ಎನಾಮಲ್ ಲೇಪದ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಬೆಸೆಯಬೇಕು. ಆ ಲೇಪ ಕಣ್ಣಿಗೆ ಕಾಣದ ನಿರೋಧಕ. ತಂತಿಯ ತುದಿಯನ್ನು ಕರಗಿದ ಬೆಸುಗೆಯ ಹನಿಯಲ್ಲಿ ಕೆಲವು ಸೆಕೆಂಡು ಹಿಡಿದು, ಲೇಪ ಸುಟ್ಟು ತವರ ಹತ್ತಿದ ಮೇಲೆಯೇ ಜೋಡಿಸಬೇಕು. ಹೊದಿಕೆಯ ಪ್ಲಾಸ್ಟಿಕ್ ತೆಳುವಾಗಿದ್ದರೆ ಒಳಗಿನ ಬೆಳಕಿಗೆ ಇಡೀ ಮೂತಿಯೇ ಹೊಳೆಯುತ್ತದೆ. ಒಳಮೈಗೆ ದಪ್ಪನಾಗಿ ಕಪ್ಪು ಬಣ್ಣ ಬಳಿದರೆ ಅದು ನಿಲ್ಲುತ್ತದೆ. ಬೆಳಕು ತಡೆಯಲು ಅಲ್ಯೂಮಿನಿಯಂ ಟೇಪು ಹಚ್ಚುವವರೂ ಇದ್ದಾರೆ. ಅದು ವಿದ್ಯುತ್ ವಾಹಕವಾದ್ದರಿಂದ, ತಾಗಬಾರದ ಜಾಗದಲ್ಲಿ ಮತ್ತೊಂದು ಲೋಹವನ್ನು ನಾನಾಗಿಯೇ ತಂದಿಡಲು ನನಗೆ ಮನಸ್ಸಿಲ್ಲ.

ದೀಪಗಳು ಹೊದಿಕೆಗೆ ಅಂಟಿಕೊಂಡಿರುತ್ತವೆ, ಡಿಕೋಡರ್ ಷಾಸಿಯ ಮೇಲಿರುತ್ತದೆ. ಇವೆರಡರ ನಡುವಿನ ತಂತಿಗಳಿಗೆ ಪುಟ್ಟ ಕನೆಕ್ಟರ್ ಇಲ್ಲದಿದ್ದರೆ ಪ್ರತಿ ಸಲ ಹೊದಿಕೆ ಎತ್ತುವಾಗಲೂ ಬೆಸುಗೆಗಳ ಮೇಲೆ ಜಗ್ಗಾಟವಾಗುತ್ತದೆ. ಕನೆಕ್ಟರ್ ಇದ್ದೂ ತಂತಿ ಉದ್ದವಾಗಿದ್ದರೆ ಮುಚ್ಚುವಾಗ ಹೊದಿಕೆಯ ಅಂಚಿಗೂ ಷಾಸಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಆದ್ದರಿಂದ ಹೆಚ್ಚಿನ ತಂತಿಯನ್ನು ಛಾವಣಿಯ ಒಳಮೈಗೆ ಕ್ಯಾಪ್ಟನ್ ಟೇಪಿನಿಂದ ಅಂಟಿಸುತ್ತೇನೆ. ಡಿಕೋಡರನ್ನು ಮಾತ್ರ ಟೇಪಿನಲ್ಲಿ ಸುತ್ತಬಾರದು. ಅದಕ್ಕೆ ಶಾಖವನ್ನು ಹೊರಹಾಕಲು ಗಾಳಿ ಬೇಕು.

ನಿಂತಾಗಲೂ ಉರಿಯುವ ದೀಪವನ್ನು ಪಡೆದ ಮೇಲೆ, ಓಡುವಾಗ ಕಣ್ಣು ಮಿಟುಕಿಸುವ ದೀಪ ಹೊಸ ಚಿಂತೆಯಾಯಿತು. ಹಳಿಯ ಮೇಲಿನ ಧೂಳು, ಕವಲುಗಳಲ್ಲಿರುವ ವಿದ್ಯುತ್ತಿಲ್ಲದ ತುಣುಕುಗಳು, ಇವುಗಳ ಮೇಲೆ ಚಕ್ರ ಹಾಯುವಾಗ ಕ್ಷಣಕಾಲ ಸಂಪರ್ಕ ತಪ್ಪುತ್ತದೆ. ಎಲ್ಲ ಚಕ್ರಗಳಿಂದಲೂ ವಿದ್ಯುತ್ತು ಎತ್ತಿಕೊಳ್ಳುವಂತೆ ಮಾಡುವುದು ಮೊದಲ ಪರಿಹಾರ, ಅದನ್ನು ಬಿಟ್ಟು ಮುಂದೆ ಹೋಗಬಾರದು. ಅದರ ಮೇಲೆ, ಡಿಕೋಡರಿನ ನೀಲಿ ತಂತಿಗೂ ಋಣ ಬಿಂದುವಿಗೂ ನಡುವೆ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಜೋಡಿಸಬಹುದು. 1,000 ಮೈಕ್ರೋಫ್ಯಾರಡ್‌ನದು ದೀಪಗಳ ಮಿಟುಕನ್ನು ನಿಲ್ಲಿಸುತ್ತದೆ, ಆದರೆ 200 ಮಿಲಿ ಆಂಪಿಯರ್ ಎಳೆಯುವ ಮೋಟಾರಿನ ಮುಂದೆ 14 ವೋಲ್ಟಿನಿಂದ 7ಕ್ಕೆ ಇಳಿಯಲು ಅದಕ್ಕೆ ಸೆಕೆಂಡಿನ ಸಾವಿರದ 35 ಪಾಲು ಸಾಕು. 1 ಫ್ಯಾರಡ್, 2.7 ವೋಲ್ಟಿನ ಆರು ಸೂಪರ್ ಕೆಪಾಸಿಟರುಗಳನ್ನು ಸಾಲಿನಲ್ಲಿ ಜೋಡಿಸಿದರೆ 16.2 ವೋಲ್ಟನ್ನು ತಾಳುವ, ಆರನೆಯ ಒಂದು ಫ್ಯಾರಡ್‌ನ ಸಂಗ್ರಹವಾಗುತ್ತದೆ. ಅದೇ ಲೆಕ್ಕದಲ್ಲಿ ಅದು ಐದು ಸೆಕೆಂಡಿಗೂ ಹೆಚ್ಚು ಬಾಳುತ್ತದೆ. ಖಾಲಿ ಕೆಪಾಸಿಟರ್ ಮೊದಲ ಕ್ಷಣದಲ್ಲಿ ಶಾರ್ಟ್ ಸರ್ಕಿಟ್‌ನಂತೆಯೇ ವರ್ತಿಸುವುದರಿಂದ, ತುಂಬುವ ದಾರಿಯಲ್ಲಿ 100 ಓಮ್‌ನ ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ ವಿದ್ಯುತ್ತು ಹೊರಬರಲು ಡಯೋಡು ಇರಲೇಬೇಕು.

ಮೊದಲ ಬಾರಿಗೆ ಡಿಕೋಡರ್ ಚುಚ್ಚಿದ ಎಂಜಿನ್ನನ್ನು ನಾನು ಮುಖ್ಯ ಹಳಿಯ ಮೇಲೆ ಇಡುವುದಿಲ್ಲ. ಪ್ರೋಗ್ರಾಮಿಂಗ್‌ಗೆಂದೇ ಪ್ರತ್ಯೇಕವಾಗಿರುವ ಹಳಿಯಲ್ಲಿ ಹರಿಯುವ ವಿದ್ಯುತ್ತಿಗೆ ಮಿತಿ ಇರುವುದರಿಂದ, ಎಲ್ಲಾದರೂ ತಪ್ಪು ಉಳಿದಿದ್ದರೂ ಡಿಕೋಡರ್ ಬಹುಮಟ್ಟಿಗೆ ಉಳಿಯುತ್ತದೆ. ಅಲ್ಲಿ ಸಿವಿ 1 ಎಂಬ ಸ್ಥಾನದಲ್ಲಿರುವ ವಿಳಾಸವನ್ನು ಓದಲು ಹೇಳುತ್ತೇನೆ. ಹೊಸ ಡಿಕೋಡರಿನಲ್ಲಿ ಅದು 3 ಆಗಿರುತ್ತದೆ. ಡಿಕೋಡರ್ ತನ್ನ ಉತ್ತರವನ್ನು 6 ಮಿಲಿಸೆಕೆಂಡುಗಳ ಕಾಲ ಕನಿಷ್ಠ 60 ಮಿಲಿ ಆಂಪಿಯರ್ ಹೆಚ್ಚುವರಿಯಾಗಿ ಎಳೆದು ಸೂಚಿಸುತ್ತದೆ, ಸಾಮಾನ್ಯವಾಗಿ ಮೋಟಾರನ್ನು ಒಂದು ಕ್ಷಣ ಮಿಡಿಸಿ. ಹೀಗಾಗಿ ‘3’ ಎಂಬ ಉತ್ತರ ಬಂದರೆ ಹಳಿಯ ತಂತಿಗಳ ಜೊತೆಗೆ ಮೋಟಾರಿನ ತಂತಿಗಳೂ ಸರಿಯಿವೆ ಎಂದೇ ತಿಳಿಯಬಹುದು. ಉತ್ತರ ಬಾರದಿದ್ದರೆ ನಾನು ಮೊದಲು ನೋಡುವುದು ಕಿತ್ತಳೆ ಮತ್ತು ಬೂದು ತಂತಿಗಳನ್ನು.

ಆ ಹಳೆಯ ಡೀಸೆಲ್ ಎಂಜಿನ್ ಈಗ ಹೊಸ ಡಿಕೋಡರಿನೊಂದಿಗೆ ಓಡುತ್ತಿದೆ. ಭಾರದ ಗಟ್ಟಿಯ ತಳವನ್ನು ಅರ್ಧ ಮಿ.ಮೀ. ಅರದಿಂದ ಉಜ್ಜಿ, ಮೇಲೆ ಎರಡು ಪದರ ಕ್ಯಾಪ್ಟನ್ ಟೇಪು ಹಚ್ಚಿದ್ದೇನೆ. ಬ್ರಷ್ಷಿನ ಮೇಲಿದ್ದ ಬೆಸುಗೆಯನ್ನು ಮತ್ತೆ ಕರಗಿಸಿ ಚೂಪಿಲ್ಲದಂತೆ ದುಂಡಗೆ ಮಾಡಿದ್ದೇನೆ. ಇನ್ನು ಬಾಕಿ ಇರುವುದು ಹಿಂಬದಿಯ ಕೆಂಪು ದೀಪಗಳು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟನ್ನಷ್ಟೇ ಬಳಸುವುದರಿಂದ ಮತ್ತು ಅದರ ಬೆಳಕು ಕಣ್ಣಿಗೆ ನಾಟುವ ರೀತಿಯೇ ಬೇರೆಯಾದ್ದರಿಂದ, ಬಿಳಿ ದೀಪಕ್ಕೆ ಕಂಡುಕೊಂಡ 12,000 ಓಮ್ ಇಲ್ಲಿ ಹೊಂದುವುದಿಲ್ಲ. ತಿರುಗಿಸುವ ರೆಸಿಸ್ಟರನ್ನು ಮತ್ತೆ ಹಿಡಿದು ಕುಳಿತುಕೊಳ್ಳಬೇಕು. ಹಸಿರು ಮತ್ತು ನೇರಳೆ ತಂತಿಗಳ ತುದಿಗಳಿಗೆ ಒಂದೊಂದಾಗಿ ಸ್ಲೀವ್ ತೊಡಿಸಿ, ಎಲ್ಲಿಗೂ ತಾಗದಂತೆ ಛಾವಣಿಯ ಒಳಗೆ ಅಂಟಿಸಿ ಇಟ್ಟಿದ್ದೇನೆ.